ಪಕ್ಕದ ಮನೆಯ ಭಾವ ಮಾತು ಮರೆತದ್ದು

ನನ್ನ ದನಿಯನ್ನು ನೀವು ಯಾರೂ ಕೇಳಿಲ್ಲ. ಇಪ್ಪತ್ತಾರು ವರ್ಷ ಟಿವಿ ಧಾರಾವಾಹಿಗಳ ಸೆಟ್ಟಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಂಟಲು ಹರಿದುಕೊಂಡಿದ್ದೇನೆ. ಆದರೂ ನಿಮ್ಮ ಮನೆಗೆ ಬಂದು ಮುಟ್ಟಿದ್ದು ನಾನು ಹೇಳಿಕೊಟ್ಟದ್ದನ್ನು ತಿರುಗಿ ಹೇಳಿದವರ ದನಿ. ನನ್ನ ಕೆಲಸಕ್ಕೆ ಪ್ರಾಂಪ್ಟಿಂಗ್ ಅನ್ನುತ್ತಾರೆ. ಕ್ಯಾಮೆರಾ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಸೀನ್ ಪೇಪರ್ ಕೈಯಲ್ಲಿ ಹಿಡಿದು ಒಂದೊಂದೇ ಸಾಲನ್ನು ಗಟ್ಟಿಯಾಗಿ ಹೇಳುವುದು ನನ್ನ ಪಾಲು. ಅದಕ್ಕೆ ಅಳುವನ್ನೋ ಸಿಟ್ಟನ್ನೋ ಬೆರೆಸಿ ತಿರುಗಿ ಹೇಳುವುದು ನಟರ ಪಾಲು. ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ನನ್ನ ದನಿಯನ್ನು ಒರೆಸಿ ಹಾಕುತ್ತಾರೆ. ಇದೇನು ಕಳ್ಳ ವ್ಯವಹಾರ ಅಂದುಕೊಳ್ಳಬೇಡಿ. ಸಂಭಾಷಣೆ ಬರೆಯುವ ಮಹಾನುಭಾವ ಪೇಪರ್ ಕಳಿಸುವುದೇ ಶೂಟಿಂಗ್ ದಿನದ ಬೆಳಿಗ್ಗೆ. ಬಾಯಿಪಾಠ ಮಾಡುವ ಪುರುಸೊತ್ತು ಯಾರಿಗಿದೆ? ಎತ್ತು ಈಯಿತು ಅಂತ ನಾನು ಹೇಳಿದರೆ, ಕೊಟ್ಟಿಗೆಗೆ ಕಟ್ಟು ಅನ್ನುವಷ್ಟೂ ಯೋಚನೆ ಮಾಡದೆ, 'ಎತ್ತು ಈಯಿತು' ಎಂದು ಕಣ್ಣೀರು ಸುರಿಸಿಕೊಂಡು ಹೇಳಬಲ್ಲ ನಾಯಕಿಯರನ್ನು ನಾನು ಕಂಡಿದ್ದೇನೆ.

ಅಂದಮೇಲೆ ನಮ್ಮ ಕಸುಬಿನಲ್ಲಿ ನೆನಪಿನ ಶಕ್ತಿ ಅನ್ನುವುದು ಬೋಳುತಲೆಯವನ ಜೇಬಿನ ಬಾಚಣಿಗೆ. ಇದ್ದರೂ ನಡೆಯುತ್ತದೆ, ಕಳೆದುಹೋದರೂ ಯಾರಿಗೂ ಗೊತ್ತಾಗುವುದಿಲ್ಲ. ನಾನು ಹೇಳಹೊರಟಿರುವ ಮನುಷ್ಯನಿಗೆ ಅದು ಕಳೆದುಹೋಯಿತು. ಗೊತ್ತಾದವಳು ನಾನೊಬ್ಬಳೇ. ಗೊತ್ತಾಗಿಯೂ ತೆಪ್ಪಗೆ ಕೂತವಳೂ ನಾನೇ.

ಅವರನ್ನು ಎಲ್ಲರೂ ಭಾವ ಅನ್ನುತ್ತಿದ್ದರು. ಹನ್ನೊಂದು ವರ್ಷ ಓಡಿದ ನಮ್ಮ ಹಾಸ್ಯ ಧಾರಾವಾಹಿಯಲ್ಲಿ ಅವರದು ಪಕ್ಕದ ಮನೆಯ ಭಾವನ ಪಾತ್ರ. ಸೆಟ್ಟಿನಲ್ಲೂ ಭಾವ, ಬಸ್ಸಿನಲ್ಲೂ ಭಾವ, ಕಡೆಗೆ ಹಲ್ಲಿನ ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲೂ ಭಾವ. ನಾನೂ ಭಾವ ಅನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಅನ್ನುತ್ತಿದ್ದರು. ಭಾವನಿಗೆ ತಂಗಿ ಹೇಗಾದೆ ಅಂತ ಕೇಳಬೇಡಿ, ಟಿವಿಯಲ್ಲಿ ಸಂಬಂಧಗಳೆಲ್ಲ ಹಾಗೇ.

ಅವರು ಈ ಲೈನಿಗೆ ಬಂದದ್ದು ನಲವತ್ತು ದಾಟಿದ ಮೇಲೆ. ಅದಕ್ಕೆ ಮೊದಲು ಹದಿನೆಂಟು ವರ್ಷ ಮನೆಮನೆಗೆ ಹೋಗಿ ನೀರಿನ ಮೀಟರ್ ಓದುತ್ತಿದ್ದರು. ದಿನಕ್ಕೆ ಅರವತ್ತು ಮನೆ. ಬೆಲ್ ಒತ್ತುವುದು, 'ನೀರಿನ ಮೀಟರು' ಅನ್ನುವುದು, ಮೆಟ್ಟಿಲ ಕೆಳಗೋ ಬಚ್ಚಲ ಹಿಂದೋ ಬಗ್ಗಿ ನೋಡುವುದು, ಮುಂದಿನ ಮನೆಗೆ ಹೊರಡುವುದು. ಅಲ್ಲಲ್ಲೇ ಬರೆದುಕೊಳ್ಳುವ ಅಭ್ಯಾಸವಿರಲಿಲ್ಲವಂತೆ. ಇಡೀ ಬೀದಿ ಮುಗಿಸಿ, ಕೊನೆಯ ಮನೆಯ ಮೆಟ್ಟಿಲ ಮೇಲೆ ಕೂತು, ಅರವತ್ತು ಮನೆಯ ಅಂಕಿಗಳನ್ನೂ ಒಂದೇ ಸಲಕ್ಕೆ ಬರೆಯುತ್ತಿದ್ದರಂತೆ. ಒಂದಂಕಿ ತಪ್ಪಿದ್ದಿಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದರು.

"ಜನ ಬಾಗಿಲು ತೆಗೆಯೋದ್ರಲ್ಲೇ ಅವರ ಮನೆ ಕಥೆ ಇರುತ್ತೆ ತಂಗಿ," ಎನ್ನುತ್ತಿದ್ದರು. "ಗಂಡ ಹೆಂಡ್ತಿ ಜಗಳ ಆಡಿದ ಮನೇಲಿ ಪಟ್ ಅಂತ ತೆಗೀತಾರೆ. ಒಬ್ಬರೇ ಇರೋ ಮುದುಕರು ಪೂರ್ತಿ ತೆಗೆದು, ಟೀ ಕುಡೀರಿ ಅಂತಾರೆ."

ಆಫೀಸಿನ ಬೀಳ್ಕೊಡುಗೆ ಸಭೆಯೊಂದರಲ್ಲಿ ಹೀಗೆ ಇಪ್ಪತ್ತು ಥರ ಬಾಗಿಲು ತೆಗೆದು ತೋರಿಸಿದ್ದನ್ನು ಟಿವಿಯವರೊಬ್ಬರು ನೋಡಿದರು. ನೋಡಿ, ಬಾ ಅಂದರು. ಇವರು ಕೆಲಸಕ್ಕೆ ಎಳ್ಳುನೀರು ಬಿಟ್ಟು ಬಂದೇಬಿಟ್ಟರು. ಮಕ್ಕಳಿರಲಿಲ್ಲ; ಇಬ್ಬರ ಸಂಸಾರ ನಿಂತದ್ದು ಹೆಂಡತಿಯ ಹೊಲಿಗೆ ಮೆಷಿನ್ನಿನ ಮೇಲೆ.

ಮೊದಲು ಸಿಕ್ಕಿದ ಪಾತ್ರ ಹೆಣದ್ದು. ಒಂದು ಕಣ್ಣೀರಿನ ಧಾರಾವಾಹಿಯಲ್ಲಿ ಸತ್ತ ದೊಡ್ಡಪ್ಪ. ಮೂರು ದಿನ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಮೂರನೆಯ ದಿನ ಮೂಗಿಗೆ ಧೂಳು ಹೋಗಿ ಜೋರಾಗಿ ಸೀನಿಬಿಟ್ಟರು. ಎದೆಯ ಮೇಲೆ ಬಿದ್ದು ಅಳುತ್ತಿದ್ದ ಸೊಸೆ ಕಿಟಾರನೆ ಕಿರುಚಿಕೊಂಡು ಹಾರಿಬಿದ್ದಳು. ನಿರ್ದೇಶಕರು ಆ ಕಿರುಚಾಟವನ್ನು ಮಾತ್ರ ಇಟ್ಟುಕೊಂಡರು, ಇಡೀ ಧಾರಾವಾಹಿಯಲ್ಲಿ ಆಕೆ ಚೆನ್ನಾಗಿ ಮಾಡಿದ್ದು ಅದೊಂದೇ. ಆಮೇಲೆ ಕಾನ್‌ಸ್ಟೇಬಲ್ ಆದರು, 'ಸಾರ್, ಬಾಡಿ ಸಿಕ್ತು' ಅನ್ನುವವರು. ಆಮೇಲೆ ಡಾಕ್ಟರು. ಆಪರೇಷನ್ ಕೋಣೆಯಿಂದ ಹೊರಗೆ ಬಂದು, ಕನ್ನಡಕ ತೆಗೆದು, 'ಇಪ್ಪತ್ನಾಲ್ಕು ಗಂಟೆ ಏನೂ ಹೇಳೋಕಾಗಲ್ಲ' ಅನ್ನುವ ಡಾಕ್ಟರು. ಒಂಬತ್ತು ಧಾರಾವಾಹಿಗಳಲ್ಲಿ ಇದೇ ಮಾತು ಹೇಳಿದರು. ಒಬ್ಬ ರೋಗಿಯನ್ನೂ ಉಳಿಸಲಿಲ್ಲ.

ಹತ್ತು ವರ್ಷ ಹೀಗೇ ಹೋಯಿತು. ಒಂದು ದಿನ ಹೆಂಡತಿ ಇವರ ಪಾತ್ರ ನೋಡಲೆಂದು ಟಿವಿ ಮುಂದೆ ಕಾದು ಕೂತಿದ್ದು, ಕುಕ್ಕರ್ ಕೂಗಿತೆಂದು ಎದ್ದು ಹೋಗಿ ಬರುವಷ್ಟರಲ್ಲಿ ಪಾತ್ರ ಮುಗಿದುಹೋಗಿತ್ತಂತೆ. "ನಿನ್ನ ಕುಕ್ಕರ್‌ಗಿರೋಷ್ಟು ಡೈಲಾಗು ನನಗಿಲ್ಲ," ಅಂದರಂತೆ ಇವರು. ಇದನ್ನು ಹೇಳಿ ನಮ್ಮನ್ನೆಲ್ಲ ನಗಿಸುತ್ತಿದ್ದರು.

ಐವತ್ತೊಂದನೆಯ ವಯಸ್ಸಿಗೆ ಪಕ್ಕದ ಮನೆಯವನ ಪಾತ್ರ ಸಿಕ್ಕಿತು. ಒಂದು ದಿನದ ಕೆಲಸ ಎಂದೇ ಕರೆದಿದ್ದರು. ಹಿಂದೆ ಕಾಗದದ ಗೋದಾಮಾಗಿದ್ದ ಶೆಡ್ಡಿನಲ್ಲಿ ನಮ್ಮ ಸೆಟ್ಟು: ಒಂದು ಹಾಲ್, ಊಟದ ಮೇಜು, ಬಲಗಡೆ ಒಂದು ಹಸಿರು ಬಾಗಿಲು. ಆ ಬಾಗಿಲು ತೆಗೆದು ಬಂದು ಏಣಿ ಎರವಲು ಕೇಳಿ ಹೋಗಬೇಕು, ಅಷ್ಟೇ. ಇವರು ಬಂದರು. ಏಣಿ ಕೇಳಿದರು. ಮನೆಯ ಯಜಮಾನ ಏಣಿ ತರಲು ಹೋದಾಗ ಸೋಫಾದ ಮೇಲೆ ಕೂತು, ಯಜಮಾನನ ಪೇಪರ್ ಓದಿ, ಯಜಮಾನನ ಟೀ ಕುಡಿದು, ಏಣಿ ಬಂದು ಎದುರು ನಿಂತಾಗ ಇಸ್ತ್ರಿ ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಎದ್ದರು. "ಏಣಿ ಇರಲಿ ಬಿಡಿ, ಎಲ್ಲಿ ಹೋಗುತ್ತೆ," ಎಂದು ಹೇಳಿ ಹೊರಟೇಹೋದರು. ಸೀನ್ ಪೇಪರಿನಲ್ಲಿ ಇದ್ಯಾವುದೂ ಇರಲಿಲ್ಲ. ಕ್ಯಾಮೆರಾ ಹಿಡಿದವನು ನಕ್ಕಿದ್ದಕ್ಕೆ ಕ್ಯಾಮೆರಾವೇ ಅಲ್ಲಾಡಿತು.

ಮರುವಾರ ಮತ್ತೆ ಕರೆದರು. ಅದರ ಮರುವಾರವೂ. ಆಮೇಲೆ ಹಸಿರು ಬಾಗಿಲು ತೆರೆದುಕೊಂಡರೆ ಸಾಕು, ಮನೆಮನೆಗಳಲ್ಲಿ ಜನ ನಗಲು ಸಿದ್ಧರಾಗಿ ಕೂರುವಂತಾಯಿತು. ಅವರು ಕೊಡೆ ಕೇಳಿ ಗಡಿಯಾರ ಒಯ್ಯುತ್ತಿದ್ದರು, ಸುತ್ತಿಗೆ ಕೇಳಿ ದಿಂಬು ಒಯ್ಯುತ್ತಿದ್ದರು. ಬಸ್ಸಿನಲ್ಲಿ ಪಕ್ಕ ಕೂತವರು ಕೈಚೀಲ ಬಿಗಿಯಾಗಿ ಹಿಡಿದು ನಗುತ್ತಿದ್ದರು. ಅಷ್ಟು ವರ್ಷ ಹೆಣವಾಗಿ ಮಲಗಿದ್ದ ಮನುಷ್ಯ ಎದ್ದು ಕೂತಿದ್ದು ಆಗಲೇ.

ನನಗೆ ಮಾತ್ರ ಅವರನ್ನು ಕಂಡರೆ ಒಳಗೊಳಗೇ ಉರಿ. ಸುಳ್ಳು ಯಾಕೆ ಹೇಳಲಿ? ಅವರಿಗೆ ನಾನು ಬೇಕಾಗಿರಲಿಲ್ಲ. ಬೆಳಿಗ್ಗೆ ಸೀನ್ ಪೇಪರನ್ನು ಎರಡು ಸಲ ಓದಿ ಮಡಚಿ ಜೇಬಿಗಿಟ್ಟರೆ ಮುಗಿಯಿತು, ತಮ್ಮ ಮಾತಷ್ಟೇ ಅಲ್ಲ, ಎದುರಿನವರ ಮಾತೂ ಬರುತ್ತಿತ್ತು. "ನೀನು ಹೋಗಿ ಟೀ ಕುಡಿ ತಂಗಿ, ನನ್ನ ಸೀನ್ ಮುಗಿದ ಮೇಲೆ ಬಾ," ಎಂದು ಎಲ್ಲರೆದುರು ಹೇಳುತ್ತಿದ್ದರು. ಮಿಕ್ಕ ನಟರನ್ನು ಗಿಣಿಗಳು ಎಂದು ಛೇಡಿಸುತ್ತಿದ್ದರು. ಗಿಣಿಗಳು ಅವರಾದರೆ ನಾನು ಯಾರು? ಒಂಬತ್ತು ವರ್ಷ ಅವರ ಸೀನ್ ಬಂದಾಗಲೆಲ್ಲ ನಾನು ಟೀ ಕುಡಿದು ಹೊಟ್ಟೆ ಕೆಡಿಸಿಕೊಂಡೆ.

ಒಂಬತ್ತನೆಯ ವರ್ಷ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ, ನಾನು ಸ್ಟೂಲಿನಿಂದ ಏಳುತ್ತಿದ್ದಾಗ, "ತಂಗಿ, ಇದೊಂದು ಸಾಲು ಹೇಳು," ಅಂದರು.

ನಾನು ಹೇಳಿದೆ. ಅವರು ಹೇಳಿದರು. ಮರುದಿನ ನಾಲ್ಕು ಸಾಲು. ತಿಂಗಳಾಗುವಷ್ಟರಲ್ಲಿ ಪೂರ್ತಿ ಸೀನು. ಆಗ ನನಗೆ ಏನನ್ನಿಸಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯಲೇಬೇಕು. ಹೊಟ್ಟೆ ತಣ್ಣಗಾಯಿತು. ಬಾ ದಾರಿಗೆ, ಕೊನೆಗೂ ನನ್ನ ಸ್ಟೂಲಿನ ಹತ್ತಿರ ಬಂದೆಯಲ್ಲ ಅಂದುಕೊಂಡೆ. ಯಾಕೆ ಬಂದರು ಎಂದು ಯೋಚಿಸಲಿಲ್ಲ. ಇನ್ನೂ ಚೆನ್ನಾಗಿ, ಇನ್ನೂ ಸ್ಪಷ್ಟವಾಗಿ ಹೇಳಿಕೊಟ್ಟೆ. ಇಪ್ಪತ್ತಾರು ವರ್ಷದಲ್ಲಿ ಅಷ್ಟು ಮನಸ್ಸಿಟ್ಟು ನಾನು ಯಾರಿಗೂ ಹೇಳಿಕೊಟ್ಟಿಲ್ಲ.

ಗೊತ್ತಾದದ್ದು ಒಂದು ಮಧ್ಯಾಹ್ನ. ಮಾತಿನ ನಡುವೆ ನಾವು ನಟರಿಗೆ ಸೂಚನೆಗಳನ್ನೂ ಕೊಡುತ್ತೇವೆ, ಎಡಕ್ಕೆ ತಿರುಗಿ, ನಗಿ, ಕೂತ್ಕೊಳ್ಳಿ, ಹೀಗೆ. ಅವರು ಯಜಮಾನನೆದುರು ನಿಂತಿದ್ದರು. ನಾನು, "ನಿಮ್ಮನೇಲಿ ಟಾರ್ಚ್ ಇದ್ಯಾ," ಅಂದೆ. ಅವರು ಹೇಳಿದರು. "ಎಡಕ್ಕೆ ತಿರುಗಿ," ಅಂದೆ.

"ಎಡಕ್ಕೆ ತಿರುಗಿ," ಅಂದರು ಭಾವ, ಯಜಮಾನನಿಗೆ.

ಯಜಮಾನನ ಪಾತ್ರದವನು ಕಕ್ಕಾಬಿಕ್ಕಿಯಾಗಿ ಎಡಕ್ಕೆ ತಿರುಗಿಬಿಟ್ಟ. ಸೆಟ್ಟಿಗೆ ಸೆಟ್ಟೇ ಬಿದ್ದು ಬಿದ್ದು ನಕ್ಕಿತು. ನಿರ್ದೇಶಕರು ಕಣ್ಣೊರೆಸಿಕೊಳ್ಳುತ್ತಾ, "ಇದನ್ನ ಇಟ್ಕೊಳ್ಳೋಣ, ಸೂಪರ್ ಭಾವ," ಅಂದರು. ಭಾವ ಮಾತ್ರ ನಗಲಿಲ್ಲ. ಯಾಕೆ ನಗುತ್ತಿದ್ದಾರೆ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿ, ಕೊನೆಗೆ ನನ್ನ ಕಡೆ ನೋಡಿದರು.

ಸಂಜೆ ಮೇಕಪ್ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ಕನ್ನಡಿಯೆದುರು ಕೂತು ಹತ್ತಿಯಿಂದ ಮುಖ ಒರೆಸಿಕೊಳ್ಳುತ್ತಿದ್ದರು. ನಾನು ಬಾಗಿಲು ಹಾಕಿದೆ.

"ಭಾವ, ಏನಾಗ್ತಿದೆ?"

"ಏನಾಗುತ್ತೆ? ವಯಸ್ಸಾಗ್ತಿದೆ."

"ನನ್ನ ಹತ್ರ ಸುಳ್ಳು ಹೇಳ್ಬೇಡಿ."

ಅವರು ಹತ್ತಿಯನ್ನು ಕೆಳಗಿಟ್ಟರು. "ಇಲ್ಲಿ ಯಜಮಾನಿ ಪಾರ್ಟ್ ಮಾಡ್ತಾಳಲ್ಲ, ಆಕೆ ಹೆಸರೇನು ತಂಗಿ? ಒಂಬತ್ತು ವರ್ಷದಿಂದ ಜೊತೇಲಿ ಮಾಡ್ತಿದ್ದೀನಿ. ಬೆಳಿಗ್ಗೆಯಿಂದ ಯೋಚ್ನೆ ಮಾಡ್ತಿದ್ದೀನಿ, ಬರ್ತಾನೇ ಇಲ್ಲ. ಹೋದ ವಾರ ಬಸ್ ಸ್ಟಾಪಲ್ಲಿ ಒಂದು ಗಂಟೆ ಕೂತಿದ್ದೆ. ಎಷ್ಟನೇ ನಂಬರ್ ಬಸ್ಸು ಅಂತ ಗೊತ್ತಾಗ್ಲಿಲ್ಲ. ಯಾರನ್ನಾದ್ರೂ ಕೇಳೋಣ ಅಂದ್ರೆ, ನೋಡಿ ನಗ್ತಾರೆ."

"ನಾಳೇನೇ ಡಾಕ್ಟ್ರ ಹತ್ರ ಹೋಗೋಣ. ನಾನು ಬರ್ತೀನಿ."

"ಅವರೇನು ಹೇಳ್ತಾರೆ? ಇಪ್ಪತ್ನಾಲ್ಕು ಗಂಟೆ ಏನೂ ಹೇಳೋಕಾಗಲ್ಲ ಅಂತಾರೆ." ತಾವೇ ಒಂದಿಷ್ಟು ನಕ್ಕರು. ಆಮೇಲೆ ನನ್ನ ಕೈ ಹಿಡಿದುಕೊಂಡರು. "ಯಾರಿಗೂ ಹೇಳ್ಬೇಡ ತಂಗಿ. ನಿನ್ನ ದಮ್ಮಯ್ಯ. ಗೊತ್ತಾದ್ರೆ ಪಾತ್ರ ತೆಗೀತಾರೆ. ಹತ್ತು ವರ್ಷ ಬಾಡಿ ಸಿಕ್ತು ಅಂತ ಹೇಳ್ಕೊಂಡು ಕಾದಿದ್ದು ಇದೊಂದಕ್ಕೆ. ನೀನಿದ್ದೀಯಲ್ಲ, ನೀನು ಹೇಳ್ಕೊಡು, ನಾನು ಹೇಳ್ತೀನಿ. ಇಲ್ಲಿ ಎಲ್ಲರೂ ಹಾಗೇ ತಾನೆ ಮಾಡ್ತಿರೋದು?"

"ಅಕ್ಕನಿಗಾದ್ರೂ ಹೇಳಿ." ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ.

"ಅವಳಿಗೆ ಹೇಳಿದ್ರೆ ನಾಳೆಯಿಂದ ಮನೇಲಿ ಕೂರಿಸ್ತಾಳೆ. ಕೂತ್ರೆ ಸತ್ತೆ."

ನಾನು ಆಯಿತು ಅಂದೆ. ಅವರಿಗಾಗಿ ಅಂದೆ ಎಂದು ಆಗ ನನ್ನನ್ನೇ ನಂಬಿಸಿಕೊಂಡಿದ್ದೆ. ನನಗೆ ಬೇಕಾಗಿತ್ತು ಕೂಡ, ಆ ದೊಡ್ಡ ನಟ ನನ್ನೊಬ್ಬಳನ್ನೇ ನೆಚ್ಚಿಕೊಂಡಿರುವುದು. ಈಗ ಯೋಚಿಸಿದರೆ ಎರಡರಲ್ಲಿ ಯಾವುದು ಹೆಚ್ಚಿತ್ತೋ ಗೊತ್ತಿಲ್ಲ.

ಆಮೇಲೆ ನಡೆದದ್ದು ಇನ್ನೂ ಕೆಟ್ಟದ್ದು. ಪ್ರೇಕ್ಷಕರಿಗೆ ಆ 'ಎಡಕ್ಕೆ ತಿರುಗಿ' ಬಹಳ ಹಿಡಿಸಿತು. ಸಂಭಾಷಣೆಕಾರನಿಗೆ ಹೊಸ ದಾರಿ ಸಿಕ್ಕಿತು. ಭಾವ ಬರುತ್ತಾನೆ, ಏನು ಕೇಳಲು ಬಂದೆ ಎಂದು ಮರೆಯುತ್ತಾನೆ, ಮನೆಯವರು ಒಂದೊಂದೇ ಸಾಮಾನು ತೋರಿಸಿ ಇದಾ, ಇದಾ ಎಂದು ಕೇಳುತ್ತಾರೆ. ವಾರಕ್ಕೊಂದು ಇಂಥ ಸೀನು ಬರತೊಡಗಿತು. ಪತ್ರಿಕೆಯೊಂದು, ಮರೆವಿನ ಅಭಿನಯದಲ್ಲಿ ಇವರನ್ನು ಮೀರಿಸುವವರಿಲ್ಲ ಎಂದು ಬರೆಯಿತು. ಸೆಟ್ಟಿನಲ್ಲಿ ಅದನ್ನು ಗಟ್ಟಿಯಾಗಿ ಓದಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಎರಡು ವರ್ಷ ನಮ್ಮ ಧಾರಾವಾಹಿ ಓಡಿದ್ದೇ ಆ ಇಲಿಯ ಬೆನ್ನ ಮೇಲೆ.

ನಾನು ಅವರ ಹೆಸರಿನ ಚೀಟಿ, ಬಸ್ ನಂಬರಿನ ಚೀಟಿ ಬರೆದು ಅಂಗಿಯ ಜೇಬಿಗೆ ಹಾಕುತ್ತಿದ್ದೆ. ಸೆಟ್ಟಿಗೆ ಬಂದ ಕೂಡಲೇ ಪಕ್ಕ ನಿಂತು, ಎದುರಿಗೆ ಬರುವವರು ಯಾರು ಎಂದು ಮೆಲ್ಲಗೆ ಹೇಳುತ್ತಿದ್ದೆ. ಅವರು ಅವರವರಿಗೆ ತಕ್ಕ ನಮಸ್ಕಾರ ಹೇಳಿ, ತಕ್ಕ ತಮಾಷೆ ಮಾಡುತ್ತಿದ್ದರು. ತಮಾಷೆಗೆ ಮಾತ್ರ ನಾನು ಬೇಕಾಗಿರಲಿಲ್ಲ. ಅದು ಎಲ್ಲಿಂದ ಬರುತ್ತಿತ್ತೋ, ಕಡೆಯವರೆಗೂ ತಾನಾಗಿ ಬರುತ್ತಿತ್ತು.

ಒಂದು ಭಾನುವಾರ ಅಕ್ಕ ನನ್ನನ್ನು ಊಟಕ್ಕೆ ಕರೆದಿದ್ದರು. ಎರಡು ಕೋಣೆಯ ಮನೆ. ಕಿಟಕಿಯ ಕೆಳಗೆ ಹೊಲಿಗೆ ಮೆಷಿನ್ನು, ಗೋಡೆಗೆ ಸೀಮೆಸುಣ್ಣದ ಗುರುತು ಹಾಕಿದ ಬಟ್ಟೆಗಳ ಸಾಲು. ಭಾವ ಒಳಗೆ ಮಲಗಿದ್ದರು. ಅಕ್ಕ ಬಡಿಸುತ್ತಾ ನಗುತ್ತಿದ್ದರು.

"ಇವರ ಪ್ರಾಕ್ಟೀಸ್ ಜಾಸ್ತಿ ಆಗೋಯ್ತು ಕಣ್ರೀ. ಮನೇಲೂ ಅದೇ ನಾಟಕ. ನಿನ್ನೆ ಬಂದು ಮೆಷಿನ್ ಮುಂದೆ ನಿಂತ್ಕೊಂಡ್ರು. ಏನು ಬೇಕು ಅಂದೆ. ಮರ್ತೋಯ್ತು ಅಂದ್ರು. ನಾನು ಕತ್ರಿ ತೋರಿಸ್ದೆ, ಇದಾ ಅಂತ. ಗುಂಡಿ ಡಬ್ಬ ತೋರಿಸ್ದೆ, ಇದಾ ಅಂತ. ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆ. ಮೂವತ್ತು ವರ್ಷದ ಸಂಸಾರದಲ್ಲಿ ಇವರು ನನ್ನ ಇಷ್ಟು ನಗಿಸಿರ್ಲಿಲ್ಲ."

ಹೇಳಿಬಿಡಬೇಕಾಗಿದ್ದ ಗಳಿಗೆ ಅದು. ಇದ್ದದ್ದು ನಾವಿಬ್ಬರೇ, ಒಂದು ವಾಕ್ಯ ಸಾಕಾಗಿತ್ತು. ನಾನು, "ದೊಡ್ಡ ಕಲಾವಿದರಲ್ವಾ ಅಕ್ಕ, ಪಾತ್ರದಿಂದ ಹೊರಗೆ ಬರೋದು ಕಷ್ಟ," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ನಕ್ಕೆ. ಅಕ್ಕನೂ ನಕ್ಕರು. ಅವರ ನಗು ನಿಜವಾದದ್ದು. ಜೀವನದಲ್ಲಿ ನಾನು ಮಾಡಿದ ಅಭಿನಯ ಅದೊಂದೇ, ಅದು ಅಷ್ಟು ಚೆನ್ನಾಗಿ ಬಂದದ್ದಕ್ಕೆ ಇವತ್ತಿಗೂ ನನ್ನನ್ನು ನಾನು ಶಪಿಸಿಕೊಳ್ಳುತ್ತೇನೆ.

ಅದಾದ ಐದು ತಿಂಗಳಿಗೆ, ಇನ್ನೊಂದು ಭಾನುವಾರ, ಮಧ್ಯಾಹ್ನ ಒಂದು ಗಂಟೆಗೆ ಅಕ್ಕನ ಫೋನು ಬಂತು. ಬೆಳಿಗ್ಗೆ ಹತ್ತಕ್ಕೆ ನೀಲಿ ದಾರ ತರಲೆಂದು ಬೀದಿ ತುದಿಯ ಅಂಗಡಿಗೆ ಹೋದವರು ಬಂದಿಲ್ಲ. "ಎಲ್ಲಾದ್ರೂ ಜನ ಹಿಡ್ಕೊಂಡು ಫೋಟೋ ತೆಗೀತಿರ್ತಾರೆ ಅಲ್ವಾ?" ಅಂದರು. ನಾನು ಅವರ ಮನೆಗೆ ಓಡಿದೆ; ಇಬ್ಬರೂ ಹುಡುಕುತ್ತಾ ಹೊರಟೆವು.

ಅಂಗಡಿಯವನು, ಭಾವ ಬಂದಿದ್ದರು, ಏನು ಬೇಕು ಎಂದು ಹೇಳದೆ ನಗಿಸಿ ಹೋದರು ಅಂದ. ಪಕ್ಕದ ಬೀದಿಯಲ್ಲಿ ಒಂದು ಮನೆಯವರು ನಮ್ಮನ್ನು ಒಳಗೇ ಕರೆದರು. ಮೊಬೈಲಿನಲ್ಲಿ ತೆಗೆದ ವಿಡಿಯೋ ತೋರಿಸಿದರು. ಅದರಲ್ಲಿ ಭಾವ ಅವರ ಹಾಲ್‌ನ ನಡುವೆ ನಿಂತು, "ಮೀಟರ್ ಎಲ್ಲಿದೆ?" ಎಂದು ಕೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು. "ನಮ್ಮನೆ ಯಾವುದು? ಇಲ್ಲೇ ಎಲ್ಲೋ ಇತ್ತು," ಎನ್ನುತ್ತಿದ್ದರು. ಇನ್ನೂ ನಗುತ್ತಿದ್ದರು. ಯಾರೋ ಅವರ ಕೈಗೆ ಒಂದು ಕೊಡೆ ಕೊಟ್ಟು, "ತಗೊಳ್ಳಿ ಭಾವ, ಎರವಲು," ಅಂದರು.

"ಎಷ್ಟು ಚೆನ್ನಾಗಿ ಮಾಡಿದ್ರು ಅಂತೀರಿ," ಎಂದಳು ಆ ಮನೆಯ ಹೆಂಗಸು. "ಕಣ್ಣಲ್ಲಿ ನೀರೇ ಬಂತು ಅವರಿಗೆ. ನಾವು ಕ್ಯಾಮೆರಾ ಎಲ್ಲಿ ಬಚ್ಚಿಟ್ಟಿದ್ದಾರೆ ಅಂತ ಹುಡುಕ್ತಾನೇ ಇದ್ವಿ. ಇದು ಯಾವತ್ತು ಬರುತ್ತೆ ಟಿವೀಲಿ?"

ಅಕ್ಕ ಆ ವಿಡಿಯೋವನ್ನು ಮತ್ತೊಮ್ಮೆ ಹಾಕಲು ಹೇಳಿದರು. ಎರಡನೆಯ ಸಲ ನೋಡುವಾಗ ಅವರ ಮುಖದ ಬಣ್ಣ ಇಳಿಯಿತು. ಅಂಥ ಮನೆಗಳು ಇನ್ನೂ ಆರು ಸಿಕ್ಕವು. ಆರರಲ್ಲೂ ನಕ್ಕಿದ್ದರು, ಮೂರರಲ್ಲಿ ಸಾಮಾನು ಕೊಟ್ಟು ಕಳಿಸಿದ್ದರು. ಒಬ್ಬರಿಗೂ ಅವರ ಕೈ ಹಿಡಿದು ಮನೆ ಮುಟ್ಟಿಸಬೇಕು ಎಂದು ಹೊಳೆದಿರಲಿಲ್ಲ. ಅವರನ್ನು ಬಯ್ಯುವ ಬಾಯಿ ನನಗೆಲ್ಲಿದೆ?

ನಾಲ್ಕು ಗಂಟೆಗೆ ನನಗೆ ಹೊಳೆದು ಶೆಡ್ಡಿನ ಕಾವಲುಗಾರನಿಗೆ ಫೋನು ಮಾಡಿದೆ. "ಬಂದಿದ್ದಾರೆ ಮೇಡಂ," ಅಂದ. "ಇವತ್ತು ಶೂಟಿಂಗ್ ಇಲ್ಲ ಅಂದೆ. ನನ್ನ ಸೀನ್ ಇದೆ ಅಂದ್ರು. ಒಳಗೆ ಬಿಟ್ಟೆ. ಆಗಲೇ ಒಂದು ಗಂಟೆ ಮೇಲಾಯ್ತು."

ನಾವು ಹೋದಾಗ ಶೆಡ್ಡಿನ ಮೇಲಿನ ಕಿಂಡಿಗಳಿಂದ ಸಂಜೆಯ ಬೆಳಕು ಬೀಳುತ್ತಿತ್ತು. ಸೋಫಾದ ಮೇಲೆ ಬಟ್ಟೆ ಮುಚ್ಚಿತ್ತು. ಸೆಟ್ಟಿನ ಹಾಲ್‌ನಲ್ಲಿ ಯಾರೂ ಇರಲಿಲ್ಲ. ಅಕ್ಕ ಕೂಗಿದರು. ನಾನು ಹೋಗಿ ಹಸಿರು ಬಾಗಿಲನ್ನು ತೆಗೆದೆ.

ಅವರು ಬಾಗಿಲ ಹಿಂದೆ ನಿಂತಿದ್ದರು. ಅಲ್ಲಿ ಮನೆಯಿಲ್ಲ. ಪ್ಲೈವುಡ್ಡಿನ ಬೆನ್ನು, ಅದಕ್ಕೆ ಆನಿಸಿದ ಮರದ ತುಂಡುಗಳು, ಸುತ್ತಿಟ್ಟ ಕೇಬಲ್ಲು, ಇಷ್ಟೇ. ಆ ಸಂದಿಯಲ್ಲಿ ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ, ಕಂಕುಳಲ್ಲಿ ಯಾರದೋ ಮನೆಯ ಗೋಡೆ ಗಡಿಯಾರ ಇಟ್ಟುಕೊಂಡು, ಒಳಗೆ ಕರೆಯಲಿ ಎಂದು ಕಾಯುತ್ತಾ ನಿಂತಿದ್ದರು. ಪ್ಯಾಂಟು ಒದ್ದೆಯಾಗಿತ್ತು.

"ಬನ್ನಿ," ಎಂದರು ಅಕ್ಕ. "ಮನೆಗೆ ಹೋಗೋಣ."

ಅವರು ಅಕ್ಕನನ್ನು ನೋಡಲಿಲ್ಲ. ಅಕ್ಕನ ಭುಜದ ಮೇಲಿಂದ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಸಾಲು ಬರಲಿ ಎಂದು ಕಾಯುವ ನಟರ ಕಣ್ಣು ನನಗೆ ಗೊತ್ತು. ಅಕ್ಕ ಕೈ ಹಿಡಿದು ಎಳೆದರು, ಕದಲಲಿಲ್ಲ. ಅಕ್ಕ ಅವರ ಕಣ್ಣನ್ನು ನೋಡಿದರು, ತಿರುಗಿ ನನ್ನನ್ನು ನೋಡಿದರು.

"ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿತ್ತು," ಎಂದರು ಭಾವ.

"ಎಷ್ಟು ದಿನದಿಂದ?"

"ಎರಡು ವರ್ಷ."

"ಎರಡು ವರ್ಷ," ಎಂದರು ಭಾವ. ಎರಡು ಎಂದಮೇಲೆ ಒಂದು ಕ್ಷಣ ತಡೆದು, ಹುಬ್ಬು ಏರಿಸಿ ವರ್ಷ ಎಂದರು. ಜನ ನಗುವುದು ಸರಿಯಾಗಿ ಅಲ್ಲೇ.

ಅಕ್ಕ ಗೋಡೆ ಹಿಡಿದುಕೊಂಡರು. ಪ್ಲೈವುಡ್ಡು ಅಲ್ಲಾಡಿತು. ನನಗೆ ತಡೆಯಲಾಗಲಿಲ್ಲ. "ತಪ್ಪಾಯ್ತು ಅಕ್ಕ," ಅಂದೆ, "ಕ್ಷಮಿಸಿ."

"ತಪ್ಪಾಯ್ತು ಅಕ್ಕ," ಎಂದು ಅವರು ತಮ್ಮ ಹೆಂಡತಿಗೆ ಹೇಳಿದರು. ನನ್ನ ಮಾತನ್ನು ನನಗಿಂತ ಚೆನ್ನಾಗಿ ಹೇಳಿದರು, ಗಂಟಲು ಕಟ್ಟಿ, ತಲೆ ತಗ್ಗಿಸಿ. "ಕ್ಷಮಿಸಿ."

"ಸಾಕು," ಎಂದರು ಅಕ್ಕ ನನಗೆ. "ಇನ್ನು ನೀವು ಮಾತಾಡ್ಬೇಡಿ."

ಅವರ ಕೈಯಿಂದ ಕೊಡೆ, ಇಸ್ತ್ರಿ ಪೆಟ್ಟಿಗೆ, ಗಡಿಯಾರ ಒಂದೊಂದಾಗಿ ತೆಗೆದು ಅಕ್ಕ ನೆಲದ ಮೇಲಿಟ್ಟರು. ತಮ್ಮ ಸೆರಗಿನಿಂದ ಅವರ ಮುಖ ಒರೆಸಿದರು. ಎರಡೂ ಕೈ ಹಿಡಿದುಕೊಂಡು, ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಅವರನ್ನು ಬಾಗಿಲಿಂದ ಈಚೆಗೆ ಕರೆತಂದರು. ಸೋಫಾ ದಾಟಿ, ಊಟದ ಮೇಜು ದಾಟಿ, ಶೆಡ್ಡಿನ ಗೇಟಿನವರೆಗೆ ಹಾಗೇ ನಡೆಸಿಕೊಂಡು ಹೋದರು. ನಾಲ್ಕು ಹೆಜ್ಜೆಗೊಮ್ಮೆ ಭಾವ ನಿಂತು, ಹಿಂದಕ್ಕೆ ತಿರುಗಿ, ಮುಂದಿನ ಸಾಲಿಗಾಗಿ ನನ್ನ ಬಾಯಿಯನ್ನು ನೋಡುತ್ತಿದ್ದರು. ನಾನು ತೆರೆಯಲಿಲ್ಲ.